ಅಮ್ಮನ ಉಬ್ಬಸ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಾಜಾ ಅಕ್ಕ ಎನ್ನುತ್ತಿದ್ದರು. ಅಂಗಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಕಾಜಾ ಕತ್ತರಿಸುವ ಯಂತ್ರದ ಬ್ಲೇಡಿಗೆ ಮುಲಾಜಿಲ್ಲ. ಕೈ ಒಂದಿಷ್ಟು ಅಲುಗಿದರೂ ಇಡೀ ಅಂಗಿ ಹಾಳು. ಅದಕ್ಕೇ ಕೈ ನಡುಗುವ ದಿನ ಅವಳು ಕೆಲಸಕ್ಕೆ ಹೋಗುತ್ತಿರಲಿಲ್ಲ.

ಕುಡಿತ ಶುರುವಾದದ್ದು ನಿದ್ದೆಗೆಂದು. ಎರಡು ವರ್ಷದ ಹಿಂದೆ ಮನಸ್ಸಿಗೆ ಮಂಕು ಕವಿದು, ಕೂತಲ್ಲಿ ನಿಂತಲ್ಲಿ ಸುಮ್ಮಸುಮ್ಮನೆ ಅಳು. ರೆಪ್ಪೆಗೆ ರೆಪ್ಪೆ ಅಂಟುತ್ತಿರಲಿಲ್ಲ. ಆಗ ಒಂದು ಗುಟುಕು ಸಾಕಾಗುತ್ತಿತ್ತು. ಈಗ ಬಾಟಲಿ ಬಚ್ಚಲಿನ ಬಕೆಟ್ಟಿನ ಹಿಂದೆ ಸಂಸಾರ ಹೂಡಿತ್ತು.

ಹೋಗಲಿ, ಕುಡಿದದ್ದು ತಾನು. ರೋಗ ಕಟ್ಟಿದ್ದು ಮಾತ್ರ ಅಮ್ಮನ ತಲೆಗೆ. ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು ಸೂಪರ್‌ವೈಸರ್ ಮೇಡಮ್ಮಿಗೆ ಫೋನು: "ಅಮ್ಮಂಗೆ ಉಬ್ಬಸ ಜಾಸ್ತಿ ಆಗಿದೆ ಮೇಡಂ." ಅಮ್ಮನೋ, ಎಪ್ಪತ್ತರಲ್ಲೂ ಗುಂಡುಕಲ್ಲು! ಎರಡು ಕೊಡ ನೀರು ಹೊತ್ತು ಮೂರನೇ ಮಹಡಿ ಹತ್ತಿದರೂ ಏದುಸಿರು ಬಿಡುವ ಜೀವವಲ್ಲ.

ಒಂದು ಭಾನುವಾರ ಅಮ್ಮ ಸ್ಟೂಲು ಹತ್ತಿ ಅಟ್ಟದ ಧೂಳು ಹೊಡೆಯುತ್ತಿದ್ದಳು. ಕೆಳಗೆ ಮೇಡಮ್ಮಿನ ದನಿ ಕೇಳಿಸಿತು: "ಕಾಜಾ ಅಕ್ಕನ ಮನೆ ಯಾವ್ದು? ಅವರಮ್ಮನಿಗೆ ಹುಷಾರಿಲ್ವಲ್ಲ, ನೋಡ್ಕೊಂಡು ಹೋಗೋಣ ಅಂತ ಬಂದೆ."

ಕಾಜಾ ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಸ್ಟೂಲಿನಿಂದ ಇಳಿದು, ಪೊರಕೆಯನ್ನು ಮಂಚದಡಿಗೆ ತಳ್ಳಿ, ಕಂಬಳಿ ಹೊದ್ದು ಮಲಗಿಯೇಬಿಟ್ಟಳು. ಮೇಡಂ ಒಳಗೆ ಬಂದಾಗ ಅಮ್ಮನ ಉಸಿರು ಆಗಲೇ ಸುಯ್ಯೆನ್ನುತ್ತಿತ್ತು.

ಮೇಡಂ ಹಣ್ಣಿನ ಚೀಲ ಇಟ್ಟು ಅಮ್ಮನ ಬೆನ್ನು ನೀವಿದರು. "ಹೋದ ಸೋಮವಾರ ತುಂಬಾ ಕಷ್ಟ ಆಯ್ತಂತೆ?"

"ಅದರ ಹಿಂದಿನ ಗುರುವಾರಾನೂ," ಎಂದಳು ಅಮ್ಮ. "ಪಾಪ, ನನ್ನಿಂದ ಇವಳ ಕೆಲಸ ಕೆಡುತ್ತೆ. ಅವಳನ್ನ ಬೈಬೇಡಿ."

ಬಚ್ಚಲ ಬಾಗಿಲು ತಗಡಿನದು. ಅಮ್ಮನಿಗೆ ಪ್ರತಿ ಫೋನೂ ಕೇಳಿಸಿತ್ತು, ಯಾವ ಯಾವ ದಿನ ಎಂಬುದೂ ಬಾಯಿಪಾಠವಾಗಿತ್ತು. ಸುಳ್ಳು ಹೇಳಿದವರನ್ನು ಹೊಸ್ತಿಲು ದಾಟಿಸದ ಹೆಂಗಸು ಈಗ ಮಗಳಿಗೋಸ್ಕರ ಕೆಮ್ಮುತ್ತಿದ್ದಳು. ಕಾಜಾ ಅಕ್ಕನಿಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು.

"ಕಾರ್ಖಾನೆ ಡಾಕ್ಟ್ರಿಗೆ ಹೇಳಿದೀನಿ. ನಾಳೆ ಹತ್ತಕ್ಕೆ ಕರ್ಕೊಂಡ್ ಬನ್ನಿ," ಎಂದು ಮೇಡಂ ಹೊರಟರು.

ಚಪ್ಪಲಿ ಸದ್ದು ಮೆಟ್ಟಿಲಿಳಿದರೂ ಅಮ್ಮ ಏಳಲಿಲ್ಲ.

"ಹೋದ್ರಮ್ಮ, ಏಳು."

"ಇರ್ಲಿ ಬಿಡೇ. ನಾಳೆ ಡಾಕ್ಟ್ರ ಹತ್ರಾನೂ ಬರ್ತೀನಿ. ಸೂಜಿ ಚುಚ್ಚಿದ್ರೆ ಚುಚ್ಚಿಸ್ಕೋತೀನಿ. ನಿನ್ ಕೆಲಸ ಉಳಿದ್ರೆ ಸಾಕು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ. ಬರಿಗಾಲಲ್ಲೇ ಮೂರು ಮಹಡಿ ಓಡಿ ಇಳಿದು, ಗೇಟಿನ ಬಳಿ ಮೇಡಮ್ಮನ್ನು ಹಿಡಿದಳು.

"ಮೇಡಂ, ಅಮ್ಮಂಗೇನೂ ಆಗಿಲ್ಲ." "ಕುಡಿಯೋದು ನಾನು. ಕುಡೀದೆ ಇರೋಕೆ ಆಗ್ತಿಲ್ಲ. ನಾಳೆ ನಾನೇ ಬರ್ತೀನಿ."

ಮೇಡಂ ಅವಳ ನಡುಗುವ ಕೈಗಳನ್ನು ನೋಡಿದರು.

"ಹತ್ತಕ್ಕೆ ಬನ್ನಿ, ನಾನೂ ಜೊತೇಲಿರ್ತೀನಿ," ಎಂದರು. ಎರಡು ಹೆಜ್ಜೆ ಹೋಗಿ ತಿರುಗಿದರು. "ಈಗ ಮೇಲೆ ಹೋಗಿ ಅಮ್ಮನ್ನ ಎಬ್ಬಿಸಿ. ಅವರ ತಲೆ ತುಂಬ ಅಟ್ಟದ ಜೇಡರ ಬಲೆ. ಅದನ್ನೂ ತೆಗೀರಿ."