ನೂರು ಮೀಟರ್ ನೋಡಲು ಮೂರು ದಿನ

ಮೈಸೂರಿನ ಬಸ್ಸು ಬಿ.ಸಿ. ರೋಡಿನಲ್ಲಿ ನನ್ನನ್ನು ಇಳಿಸಿದಾಗ ಬೆಳಗ್ಗೆ ಏಳು ಗಂಟೆ. ಜನವರಿ ತಿಂಗಳು, ಆದರೂ ಆಗಲೇ ಬೆವರು. ಹೋಟೆಲಿನಲ್ಲಿ ಎರಡು ಬನ್ಸ್ ತಿಂದು ಪುಂಜಾಲಕಟ್ಟೆಯ ಬಸ್ಸು ಹತ್ತಿದೆ. ಒಂಬತ್ತು ರೂಪಾಯಿ ಟಿಕೆಟು. ನನ್ನ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಕಂಡಕ್ಟರ್ ಅನುಮಾನದಿಂದ ನೋಡಿ, “ಇದು ಎಂತ ಮೇಡಂ, ಬಂದೂಕಾ?” ಎಂದ. “ಹೌದು, ಲಗೇಜಿಗೆ ದುಡ್ಡು ಕೇಳಿದರೆ ಹೊಡೀತೀನಿ” ಎಂದೆ. ಕೇಳಲಿಲ್ಲ.

ಮೊಬೈಲು ಇನ್ನೂ ಎಲ್ಲರ ಕೈಗೆ ಬಾರದ ಕಾಲ. ನಾನು ಮೈಸೂರಿನ ಕಾಲೇಜೊಂದರಲ್ಲಿ ಚಲನ ವಿಜ್ಞಾನ ಕಲಿಸುತ್ತಿದ್ದೆ. ಓಡುವಾಗ ಯಾವ ಕೀಲು ಎಷ್ಟು ಬಾಗುತ್ತದೆ, ಪಾದ ಎಲ್ಲಿ ಬೀಳುತ್ತದೆ ಎಂದು ಅಳೆಯುವ ವಿದ್ಯೆ ಅದು. ಪುಂಜಾಲಕಟ್ಟೆ ಕಡೆಯ ಪಿ.ಟಿ. ಮಾಸ್ತರ್ ಜಿನರಾಜರು ನನಗೆ ಕಾಗದ ಬರೆದಿದ್ದರು. ಜಯಂತಿ ಎಂಬ ಹುಡುಗಿ, ವಯಸ್ಸು ಇಪ್ಪತ್ತು, ಹುಟ್ಟಿನಿಂದ ಕಣ್ಣಿಲ್ಲ. ಒಳ್ಳೆಯ ಓಟಗಾರ್ತಿ, ಆದರೆ ವರ್ಷದಿಂದ ಸಮಯ ಇಳಿಯುತ್ತಿಲ್ಲ. ಶನಿವಾರ ಮೂಡುಬಿದಿರೆಯಲ್ಲಿ ರಾಜ್ಯ ತಂಡದ ಆಯ್ಕೆ. ನೂರು ಮೀಟರನ್ನು ಹದಿನೈದು ಸೆಕೆಂಡಿನೊಳಗೆ ಮುಗಿಸಬೇಕು. ಈ ಸಲ ಆಗದಿದ್ದರೆ ಓಟ ಸಾಕು, ಮನೆಯಲ್ಲಿ ಕೂತು ಬೀಡಿ ಕಟ್ಟಲಿ ಎಂದು ಅವಳ ತಾಯಿ ಹೇಳಿಯಾಗಿದೆ.

ಅಂದು ಗುರುವಾರ. ಶಾಲೆಯ ಮೈದಾನದಲ್ಲಿ ಮಾಸ್ತರರು, ಜಯಂತಿ, ಅವಳ ಜೊತೆ ಓಡುವವನು ಮೂವರೂ ಕಾದಿದ್ದರು. ಕಣ್ಣಿಲ್ಲದವರ ಓಟದಲ್ಲಿ ಪಕ್ಕದಲ್ಲಿ ಕಣ್ಣಿರುವವರೊಬ್ಬರು ಓಡುತ್ತಾರೆ; ಇಬ್ಬರ ಕೈಯಲ್ಲೂ ಒಂದೇ ಹಗ್ಗದ ತುದಿ. ದಾರಿ ಹೇಳಬಹುದು, ಎಳೆಯುವಂತಿಲ್ಲ. ಜಯಂತಿಯ ಜೊತೆಗಾರ ಅವಳ ಅಣ್ಣ ಸಂಜೀವ. ಮೂವತ್ತರ ಆಳು, ಕಟ್ಟುಮಸ್ತು. ಕಂಬಳದ ಕೆಸರುಗದ್ದೆಯಲ್ಲಿ ಕೋಣಗಳ ಹಿಂದೆ ಹಗ್ಗ ಹಿಡಿದು ಓಡಿ ಹೆಸರು ಮಾಡಿದವನು. ತಂಗಿಗಾಗಿ ಈ ವರ್ಷ ಗದ್ದೆಗೆ ಇಳಿದೇ ಇರಲಿಲ್ಲ.

“ಇವನನ್ನೇ ಯಾಕೆ ಆರಿಸಿದಿರಿ?” ಎಂದು ಮಾಸ್ತರರನ್ನು ಕೇಳಿದೆ.

“ಹಗ್ಗ ಹಿಡಿದು ಓಡುವುದರಲ್ಲಿ ತಾಲೂಕಿನಲ್ಲಿ ಇವನನ್ನು ಮೀರಿಸಿದವರು ಇಲ್ಲ ಮೇಡಂ. ಮತ್ತೆ ಯಾರನ್ನು ಹುಡುಕುವುದು?”

ಸರಿಯಾದ ಮಾತು ಎಂದು ತಲೆಯಾಡಿಸಿದೆ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೀಟರಿಗೊಂದು ಸುಣ್ಣದ ಗೆರೆ ಹಾಕಿಸಿ, ಕ್ಯಾಮೆರಾ ಇಟ್ಟು, ಆರು ಓಟ ಹಿಡಿದೆ. ಎಲ್ಲವೂ ಹದಿನಾರು ಸೆಕೆಂಡಿನ ಮೇಲೆ. ಜಯಂತಿ ಪ್ರತಿ ಸಲವೂ ವಿಪರೀತ ಏದುಸಿರು ಬಿಡುತ್ತಿದ್ದಳು. ಅವಳ ಬಲಹೆಗಲು ಮುಟ್ಟಿ ನೋಡಿದರೆ ಕಲ್ಲಿನ ಹಾಗಿತ್ತು. “ಬೀಡಿ ಕಟ್ಟುವವರಿಗೆ ಹಾಗೆಯೇ” ಎಂದರು ಮಾಸ್ತರರು. ನಾನೂ ನಂಬಿದೆ. ಕಣ್ಣಿಲ್ಲದವರು ಹೆದರಿಕೆಗೆ ಹೆಜ್ಜೆ ಮೊಟಕು ಮಾಡುತ್ತಾರೆ ಎಂಬ ಉತ್ತರವನ್ನು ಮೈಸೂರಿನಿಂದಲೇ ಕಟ್ಟಿಕೊಂಡು ಬಂದಿದ್ದೆನಲ್ಲ, ಬೇರೆಯದನ್ನು ನೋಡುವ ಕಣ್ಣು ನನಗಾದರೂ ಎಲ್ಲಿತ್ತು?

ಚಿತ್ರವನ್ನು ನಿಧಾನವಾಗಿ ನೋಡಲು ದೊಡ್ಡ ಟಿ.ವಿ. ಬೇಕಿತ್ತು. ಶುಕ್ರವಾರ ನಾಲ್ವರೂ ಬೆಳ್ತಂಗಡಿಗೆ ಹೋದೆವು. ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಬ್ಬಾಸ್ ಬ್ಯಾರಿಗಳು ಮಾಸ್ತರರ ಗೆಳೆಯರು. ಅವರ ಮಗ ದುಬೈಯಿಂದ ತಂದ ಟಿ.ವಿ. ಮನೆಯ ಅರ್ಧ ಗೋಡೆಯಷ್ಟಿತ್ತು. ಜುಮಾ ನಮಾಜು ಮುಗಿಸಿ ಬಂದ ಬ್ಯಾರಿಗಳು, “ಮೊದಲು ಊಟ, ಆಮೇಲೆ ಓಟ” ಎಂದು ನಮ್ಮನ್ನು ಕೂರಿಸಿಯೇಬಿಟ್ಟರು. ನೀರುದೋಸೆ, ಕೋಳಿಸಾರು. ಜೈನರಾದ ಮಾಸ್ತರರಿಗೆ ಬಾಳೆಹಣ್ಣು, ಹಾಲು.

ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಒಂದೊಂದನ್ನೇ ನಿಲ್ಲಿಸಿ ನಾನು ಜಯಂತಿಯ ಪಾದವನ್ನು ಲೆಕ್ಕ ಹಾಕುತ್ತಿದ್ದೆ. ಹಿಂದೆ ನಿಂತಿದ್ದ ಬ್ಯಾರಿಗಳು ಥಟ್ಟನೆ ನಕ್ಕರು.

“ಅರೆ, ಇದು ಕಂಬಳ ಅಲ್ವಾ ಮಾರಾಯ್ರೆ! ತಂಗಿ ಕೋಣ, ಅಣ್ಣ ಹಿಂದೆ!”

ಕ್ಯಾಸೆಟನ್ನು ಮತ್ತೆ ಹಿಂದಕ್ಕೆ ತಿರುಗಿಸಿ ಹಾಕಿದೆ. ಅಯ್ಯೋ ದೇವರೇ! ಜಯಂತಿ ಮುಂದಕ್ಕೆ ಬಾಗಿದ್ದಾಳೆ, ಬಲಗೈ ಹಿಂದಕ್ಕೆ ಜಗ್ಗಿಹೋಗಿದೆ, ಹಗ್ಗ ಬಿಗಿದು ನಿಂತಿದೆ. ಅವಳಿಗಿಂತ ಒಂದು ಮೊಳ ಹಿಂದೆ ಸಂಜೀವ, ಎದೆ ಹಿಂದಕ್ಕೆ ಒರಗಿಸಿ, ಹಿಮ್ಮಡಿ ಮೊದಲು ಊರುತ್ತ ಬರುತ್ತಿದ್ದಾನೆ. ಕೆಸರಿನಲ್ಲಿ ಕೋಣಗಳು ಎಳೆಯುವಾಗ ಬೀಳದೆ ಇರಲು ಹಾಗೆಯೇ ಓಡಬೇಕು. ಇಲ್ಲಿ ಎಳೆಯುತ್ತಿದ್ದದ್ದು ಅವನ ತಂಗಿ. ಆರೂ ಓಟ ಹಾಕಿದೆ, ಆರರಲ್ಲೂ ಅದೇ. ಮೈದಾನದ ಬದಿಯಲ್ಲಿ ನಿಂತು ವರ್ಷವಿಡೀ ನೋಡಿದ ಮಾಸ್ತರರಿಗೂ ಕಂಡಿರಲಿಲ್ಲ, ವಿದ್ಯೆ ಕಲಿತ ನನಗೂ ಕಂಡಿರಲಿಲ್ಲ.

ಸಂಜೀವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

“ಎಂತಾಯ್ತು?” ಎಂದಳು ಜಯಂತಿ. “ಎಲ್ಲ ಯಾಕೆ ಸುಮ್ಮನಾದ್ರಿ?”

ಹೇಳಲೇಬೇಕಾಯಿತು. ಹೇಳಿದೆ. ಅವಳು ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆ ತಗ್ಗಿಸಿದಳು, ಅಷ್ಟೆ.

“ನಿನಗೆ ಗೊತ್ತಿತ್ತಾ?” ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿತು.

“ಕೈಗೆ ಭಾರ ಇತ್ತು ಮೇಡಂ. ಅಣ್ಣನಿಗೆ ಗಟ್ಟಿ ನೆಲದಲ್ಲಿ ಓಡ್ಲಿಕ್ಕೆ ಆಗುವುದಿಲ್ಲ ಅಂತ ಎಣಿಸಿದೆ. ಹೇಳಿದ್ರೆ ಬೇಜಾರು ಮಾಡಿಕೊಳ್ತಾನೆ. ಅದಕ್ಕೆ ಎಳ್ಕೊಂಡು ಹೋದೆ.”

ಸಂಜೀವ ಎದ್ದು ನಿಂತ. “ನಿನಗೆ ಸಾಕಾಗ್ತದೆ ಅಂತ ನಾನು ನಿಧಾನ ಮಾಡ್ತಾ ಇದ್ದೆ! ಒಂದು ಮಾತು ಹೇಳ್ಬಾರ್ದಿತ್ತಾ ಮಾರಾಯ್ತಿ?” ಎಂದ. ಮುಂದೆ ತುಳುವಿನಲ್ಲಿ ಏನೋ ಹೇಳಿದ. ಅರ್ಥ ಕೇಳಲು ಮಾಸ್ತರರ ಕಡೆ ತಿರುಗಿದರೆ ಅವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಬ್ಯಾರಿಗಳ ಅಂಗಳದಲ್ಲೇ ಪರೀಕ್ಷೆ ಮಾಡಿದೆ. ಬರಿಗೈಯಲ್ಲಿ ಓಡೆಂದರೆ ಸಂಜೀವ ಬಾಣದಂತೆ ಹೋದ, ಎದೆ ಮುಂದೆ, ಮುಂಗಾಲ ಮೇಲೆ. ಜಯಂತಿ ಹಿಡಿದ ಹಗ್ಗದ ಇನ್ನೊಂದು ತುದಿ ಕೈಗೆ ಕೊಟ್ಟೆ. ಮೈ ತನ್ನಷ್ಟಕ್ಕೇ ಹಿಂದಕ್ಕೆ ಒರಗಿತು. ಎಚ್ಚರಿಸಿ ಮತ್ತೆ ಓಡಿಸಿದೆ, ಮತ್ತೆ ಒರಗಿತು. ಹಗ್ಗ ಚಿಕ್ಕದು ಮಾಡಿದೆ, ಆಗಲೂ ಅಷ್ಟೆ. ಹದಿನೈದು ವರ್ಷ ಕೆಸರಿನಲ್ಲಿ ಕಲಿತದ್ದು ಒಂದು ಸಂಜೆಯಲ್ಲಿ ಮರೆಯುವುದುಂಟೇ? ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಾಲಿನ ಗುಣವೂ ಹಾಗೆಯೇ. ಆರು ತಿಂಗಳು ಸಿಕ್ಕಿದ್ದರೆ ತಿದ್ದುತ್ತಿದ್ದೆನೇನೋ. ನಮಗಿದ್ದದ್ದು ಮರುದಿನ ಬೆಳಗಿನವರೆಗೆ.

“ನಾಳೆಗೆ ಬೇರೆ ಯಾರಾದ್ರೂ ಸಿಗ್ತಾರಾ ಮಾಸ್ಟ್ರೇ?” ಎಂದು ಕೊನೆಗೆ ಕೇಳಿದವನು ಸಂಜೀವನೇ.

“ನಾನು ಬೇರೆಯವರ ಒಟ್ಟಿಗೆ ಓಡುವುದಿಲ್ಲ” ಎಂದಳು ಜಯಂತಿ.

“ಓಡ್ತಿ. ಇಲ್ಲದಿದ್ರೆ ಅಮ್ಮ ಬೀಡಿಯ ಎಲೆ ಹಿಡಿದು ಕಾಯ್ತಾ ಇದ್ದಾಳೆ, ನೆನಪಿಟ್ಟುಕೋ.”

ಬ್ಯಾರಿಗಳ ಅಂಗಡಿಯಿಂದ ಮಾಸ್ತರರು ಮೂಡುಬಿದಿರೆಯ ಗೆಳೆಯರೊಬ್ಬರಿಗೆ ಫೋನು ಮಾಡಿದರು. ಕಾಲೇಜಿನ ಹಾಸ್ಟೆಲಿನಲ್ಲಿ ಓಡುವ ಹುಡುಗಿಯೊಬ್ಬಳಿದ್ದಾಳೆ, ಒಪ್ಪಿಸಿ ನೋಡುವ ಎಂದರಂತೆ.

ಶನಿವಾರ ಬೆಳಗ್ಗೆ ವೇಣೂರಿನ ಮೇಲೆ ಹೋಗುವ ಮೊದಲ ಬಸ್ಸು ಹಿಡಿದೆವು. ಒಂದೂವರೆ ಗಂಟೆಯ ದಾರಿ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ಆಗಲೇ ವಿದ್ಯಾರ್ಥಿಗಳ ಜಾತ್ರೆ. ಮೈದಾನದಲ್ಲಿ ಆ ಹುಡುಗಿ ಕಾದಿದ್ದಳು. ಶಾಂತಾ, ಗದಗದ ಕಡೆಯವಳು, ಎತ್ತರದ ಆಳು.

“ಓಡೂದೇನ್ ಓಡ್ತೀನ್ರಿ, ಆದ್ರ ನನಗ ತುಳು ಬರಂಗಿಲ್ಲ” ಎಂದಳು.

“ಓಡ್ಲಿಕ್ಕೆ ತುಳು ಯಾಕೆ?” ಎಂದಳು ಜಯಂತಿ, ಮುಖ ಊದಿಸಿಕೊಂಡೇ.

ಒಂದು ಗೇಣು ಉದ್ದದ ಬೂಟಿನ ದಾರ ಕಟ್ಟಿಕೊಟ್ಟೆ. ಕೈ ಬೀಸುವುದು ಹೊಂದಲೆಂದು ಪಕ್ಕಪಕ್ಕದಲ್ಲಿ ನಾಲ್ಕು ಸಲ ನಡೆಸಿದೆ, ಎರಡು ಸಲ ಮೆಲ್ಲಗೆ ಓಡಿಸಿದೆ. ಅಷ್ಟರಲ್ಲಿ ಹೆಸರು ಕರೆದರು. ಸಂಜೀವ ಕೊನೆಯ ಗೆರೆಯ ಹೊರಗೆ ಕೈಕಟ್ಟಿ ನಿಂತಿದ್ದ.

ಸೀಟಿ ಊದಿದರು. ಮೊದಲ ಇಪ್ಪತ್ತು ಮೀಟರ್ ತಡವರಿಸಿದಳು. ಆಮೇಲೆ ಏನಾಯಿತೋ, ಜಯಂತಿ ಹಾರಿದಳು! ನಾನು ಎರಡು ದಿನ ಗೆರೆ ಹಾಕಿ ಅಳೆದ ಹುಡುಗಿ ಅವಳಲ್ಲವೇ ಅಲ್ಲ. ಶಾಂತಾ ಹಲ್ಲು ಕಚ್ಚಿ ಓಡಬೇಕಾಯಿತು. ಹದಿನಾಲ್ಕು ಪಾಯಿಂಟ್ ಏಳು ಸೆಕೆಂಡು. ಆಯ್ಕೆದಾರರು ಎರಡು ಗಡಿಯಾರವನ್ನೂ ನೋಡಿ ಹೆಸರು ಬರೆದುಕೊಂಡರು. ಮಾಸ್ತರರು ಟೋಪಿ ಮೇಲಕ್ಕೆ ಎಸೆದರು.

ಗೆರೆ ದಾಟಿದ ಜಯಂತಿ ಮಾತ್ರ ಗಡಗಡ ನಡುಗುತ್ತಿದ್ದಳು. ನಾನು ಓಡಿಹೋಗಿ ಹಿಡಿದುಕೊಂಡೆ.

“ದಾರ ಬಿಟ್ಟುಹೋಯ್ತು ಅಂತ ಎಣಿಸಿದೆ ಮೇಡಂ. ಕೈಗೆ ಭಾರವೇ ಇಲ್ಲ! ಯಾರೂ ಇಲ್ಲ, ನಾನೊಬ್ಬಳೇ ಅಂತ ಹೆದ್ರಿ ಓಡಿದೆ.”

“ಏ, ನಾ ಬಾಜೂದಾಗ ಇದ್ನಲ್ಲ!” ಎಂದಳು ಶಾಂತಾ.

ಹಗುರ ಎಂದರೆ ಹೇಗಿರುತ್ತದೆ ಎಂದು ಆ ಹುಡುಗಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಸಂಜೀವ ಬಂದು ಅವಳ ತಲೆ ಮೇಲೆ ಕೈಯಿಟ್ಟ. “ಇನ್ನು ನಾನು ಕೋಣಗಳ ಹಿಂದೆಯೇ ಓಡ್ತೇನೆ” ಎಂದ.

“ಹೋಗು” ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತ. “ಅವಕ್ಕೆ ನಿನ್ನ ಭಾರ ಲೆಕ್ಕಕ್ಕಿಲ್ಲ.”

ಮಧ್ಯಾಹ್ನದ ಬಸ್ಸಿಗೆ ಸಂಜೀವನೇ ನನ್ನ ಸ್ಟ್ಯಾಂಡು ಹೊತ್ತು ಬಂದ. ಬಸ್ಸು ಹೊರಡುವಾಗ ಕಿಟಕಿಯ ಬಳಿ ನಿಂತು, “ಮೇಡಂ, ಆ ಕ್ಯಾಸೆಟು…” ಎಂದು ತಡೆದ. ಪಾಪ, ಊರಿಗೆಲ್ಲ ಹೆಸರಾದ ಓಟಗಾರ. ನಾನೇ ಮುಂದಾಗಿ, “ಅಳಿಸಿಬಿಡ್ತೀನಿ, ಯಾರಿಗೂ ತೋರಿಸಲ್ಲ” ಎಂದೆ.

ಅವನು ಗಾಬರಿಯಿಂದ ಕಿಟಕಿಯ ಸರಳು ಹಿಡಿದುಕೊಂಡ.

“ಅಳಿಸ್ಬೇಡಿ ಮಾರಾಯ್ರೆ! ಕಣ್ಣು ಕಾಣದವರನ್ನು ಓಡಿಸುವ ಮಾಸ್ಟ್ರುಗಳಿಗೆ ಎಲ್ಲರಿಗೂ ತೋರಿಸಿ. ನನ್ನ ಹೆಸರು ಹೇಳಿಯೇ ತೋರಿಸಿ.”