ಸುಣ್ಣದ ಕೆಳಗಿನ ಮದ್ದಲೆಗಾರ

ನನಗೆ ಮೊದಲ ನೌಕರಿ ಸಿಕ್ಕಿದ್ದು ಬಸವನ ಬಾಗೇವಾಡಿ ತಾಲೂಕಿನ ಒಂದು ಸಣ್ಣ ಊರಿನಲ್ಲಿ. ಎಪ್ಪತ್ತರ ದಶಕದ ನಡುವಿನ ಮಾತು. ಇಂಡಿ ಊರಿನ ನಮ್ಮ ಮನೆಯಿಂದ ಹೊರಟು ಬಸ್ಸು ಬದಲಿಸಿ, ಇಂಗಳೇಶ್ವರದ ಕಡೆಗೆ ಹೋಗುವ ದಾರಿಯಲ್ಲಿ ಇಳಿದು, ಜೋಳದ ಹೊಲಗಳ ನಡುವೆ ಮುಕ್ಕಾಲು ಗಂಟೆ ನಡೆಯಬೇಕಿತ್ತು. ಅಪ್ಪ ನನ್ನ ಟ್ರಂಕು ಹೆಗಲ ಮೇಲಿಟ್ಟುಕೊಂಡು ಮುಂದೆ ಮುಂದೆ ನಡೆದಿದ್ದರು. ಊರ ಬಾವಿಯಲ್ಲಿ ನೀರು ಸೇದುತ್ತಿದ್ದ ಹೆಂಗಸನ್ನು ಶಾಲೆ ಎಲ್ಲಿ ಎಂದು ಕೇಳಿದಾಗ ಅವಳು ಒಂದು ಗುಡಿಯ ಕಡೆ ಕೈ ತೋರಿಸಿದಳು.

"ಗುಡಿ ಅಲ್ಲವ್ವಾ, ಸಾಲಿ," ಎಂದರು ಅಪ್ಪ.

"ಅದ ರೀ. ನಮ್ಮೂರಾಗ ಎರಡೂ ಒಂದ ಕಡೆ ಅದಾವ."

ಹೋಗಿ ನೋಡಿದರೆ ಹೌದು. ಗರ್ಭಗುಡಿಯಲ್ಲಿ ದೇವರಿರಲಿಲ್ಲ. ಭೂಪಟ, ಗಂಟೆ, ಕಾಲು ಮುರಿದ ಒಂದು ಕುರ್ಚಿ ಇದ್ದವು. ನಡುವಿನ ಮಂಟಪದಲ್ಲಿ ಕಂಬಗಳನ್ನೇ ಗೋಡೆಯೆಂದು ತಿಳಿದು ನಾಲ್ಕು ಇಯತ್ತೆಗಳ ಮಕ್ಕಳು ಕೂರುತ್ತಿದ್ದರು. ಮೂರು ಮತ್ತು ನಾಲ್ಕು ಮುಖ್ಯ ಮಾಸ್ತರರಿಗೆ, ಒಂದು ಮತ್ತು ಎರಡು ಹೊಸ ಅಕ್ಕೋರಾದ ನನಗೆ. ಎಷ್ಟೋ ವರ್ಷಗಳ ಸುಣ್ಣ ಕುಡಿದು ಆ ಕಂಬಗಳು ದಪ್ಪಗೆ ಉಬ್ಬಿದ್ದವು. ಎಲ್ಲಿ ಏಣು, ಎಲ್ಲಿ ಕುಳಿ ಒಂದೂ ತಿಳಿಯುತ್ತಿರಲಿಲ್ಲ. ಅವುಗಳಿಗೆ ಒರಗಿ ಕೂತ ಮಕ್ಕಳ ಬೆನ್ನೆಲ್ಲ ಬೆಳ್ಳಗಾಗುತ್ತಿತ್ತು. ಸಂಜೆ ಓಣಿಯಲ್ಲಿ ಬೆಳ್ಳನೆಯ ಬೆನ್ನು ಕಂಡರೆ, ಈ ಮಗು ಇವತ್ತು ಶಾಲೆಗೆ ಬಂದಿತ್ತು ಎಂದು ತಿಳಿಯಬಹುದಿತ್ತು.

ಆ ಸುಣ್ಣ ಹಚ್ಚುತ್ತಿದ್ದವಳು ಒಬ್ಬ ಮುದುಕಿ. ಊರೆಲ್ಲ ಅವಳನ್ನು ಸುಣ್ಣದ ಆಯಿ ಎನ್ನುತ್ತಿತ್ತು. ಮಂದಿಯ ಮನೆಗಳಿಗೆ ಸುಣ್ಣ ಬಳಿದು ಬದುಕುತ್ತಿದ್ದ ಅವಳು ಶಾಲೆಗೆ ಮಾತ್ರ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅವಳ ತಾಯಿಯೂ ಹಾಗೆಯೇ ಹಚ್ಚುತ್ತಿದ್ದಳಂತೆ. ಪ್ರತಿ ವರ್ಷ ಸಾಹೇಬರು ತಪಾಸಣೆಗೆ ಬರುವ ಮುಂಚೆ ಕುಂಚ ಹಿಡಿದು ಬಂದು, ಸೆರಗು ಸೊಂಟಕ್ಕೆ ಸಿಗಿಸಿ, ಎರಡು ದಿನದಲ್ಲಿ ಇಡೀ ಗುಡಿಯನ್ನು ಹಾಲಿನಂತೆ ಮಾಡಿಬಿಡುತ್ತಿದ್ದಳು. "ದೇವರಿಲ್ಲದ ಗುಡಿಗೆ ಯಾಕ ಇಷ್ಟು ಕಷ್ಟ ಪಡ್ತೀ ಆಯಿ?" ಎಂದು ಒಮ್ಮೆ ಕೇಳಿದೆ.

"ಕೂಸುಗೋಳು ಕುಂಡ್ರತಾವಲ್ಲ ಅಕ್ಕೋರ. ಮತ್ಯಾವ ದೇವರು ಬೇಕು?" ಎಂದಳು.

ಎರಡನೆಯ ವರ್ಷದ ಮಳೆಗಾಲದಲ್ಲಿ ಮಾಳಿಗೆ ಬಹಳ ಸೋರಿತು. ಕಂಬಗಳು ತೇವ ಹಿಡಿದವು. ಒಂದು ಬೆಳಿಗ್ಗೆ ಎರಡನೇ ಇಯತ್ತೆಯವರು ಮಗ್ಗಿ ಒದರುತ್ತಿದ್ದಾಗ ಧಪ್ಪೆಂದು ರೊಟ್ಟಿಯಗಲದ ಸುಣ್ಣದ ಹಕ್ಕಳೆ ಕಳಚಿ ಬಿತ್ತು. ಮಗ್ಗಿ ನಿಂತಿತು. ಕಂಬದ ಹತ್ತಿರ ಕೂತಿದ್ದ ಒಬ್ಬ ಹುಡುಗಿ ಕಿರುಚಿದಳು: "ಅಕ್ಕೋರ, ಕಂಬದಾಗ ಯಾರೋ ಅದಾರ!"

ಹತ್ತಿರ ಹೋಗಿ ನೋಡಿದೆ. ಅಂಗೈಯಷ್ಟು ಎತ್ತರದ ಒಬ್ಬ ಮನುಷ್ಯ. ಕೊರಳಿಗೆ ಮದ್ದಲೆ, ಬಾರಿಸಲು ಎತ್ತಿದ ಕೈ, ಒಂದಿಷ್ಟು ಬಾಗಿದ ತಲೆ, ತುಟಿಯಲ್ಲಿ ನಗು. ಈಗ ತಾನೇ ಯಾರೋ ಅವನಿಗೆ "ಭೇಷ್" ಎಂದಿದ್ದಾರೆ, ಹಾಗಿತ್ತು ಮುಖ. ಆ ದಿನ ಮಗ್ಗಿ ಮುಂದುವರಿಯಲಿಲ್ಲ.

ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ನಾನು ಒಂದು ಮೂರ್ಖ ಕೆಲಸ ಮಾಡಿದೆ. ಅವನ ಸುತ್ತ ಇನ್ನೇನಿದೆ ಎಂಬ ಆಸೆ ತಡೆಯಲಾಗದೆ ಮನೆಯಿಂದ ತಂದ ಈಳಿಗೆಯ ತುದಿಯಿಂದ ಸುಣ್ಣ ಕೆರೆಯತೊಡಗಿದೆ. ಎರಡೇ ನಿಮಿಷ. ಟಕ್ಕೆಂದಿತು. ನೋಡಿದರೆ ಮದ್ದಲೆ ಬಾರಿಸಲು ಎತ್ತಿದ್ದ ಕೈಯ ಕಿರುಬೆರಳು ನೆಲದ ಮೇಲೆ ಬಿದ್ದಿತ್ತು. ಅಕ್ಕಿ ಕಾಳಿನಷ್ಟು ಕಲ್ಲು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅಳುತ್ತ ಆಯಿಯ ಮನೆಗೆ ಹೋದೆ.

ಅವಳು ಬಂದಳು. ಕಂಬದ ಹತ್ತಿರ ಹೋಗಿ ಮದ್ದಲೆಯವನ ಮುಖಕ್ಕೆ ಅಂಟಿದ್ದ ಸುಣ್ಣವನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಹೇಳಿದಳು: "ಇವನ ಮಾರಿ ಮ್ಯಾಲ ನಾ ಎಷ್ಟ ವರ್ಷ ಸುಣ್ಣಾ ಹಚ್ಚೀನಿ ನೋಡ. ಉಸುರಾಡಾಕ ಬಿಡದಂಗ ಹಚ್ಚೀನಿ."

"ನಿನಗೇನು ಗೊತ್ತಿತ್ತು ಆಯಿ?"

"ನಮ್ಮವ್ವಗರ ಗೊತ್ತಿತ್ತೋ ಏನೋ. ಹೇಳಲಿಲ್ಲ," ಎಂದು ಹೊರಟುಹೋದಳು.

ಎರಡು ದಿನ ಕಾಣಲಿಲ್ಲ. ಮೂರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಒಂದು ಕೊಡ ನೀರು, ಹಳೆಯ ಗೋಣಿತಟ್ಟು, ಬೇವಿನ ಕಡ್ಡಿಗಳ ಕಟ್ಟು ತಂದು ಕಂಬದ ಬುಡದಲ್ಲಿ ಇಳಿಸಿದಳು. "ಕಬ್ಬಣ ಮುಟ್ಟಸಬ್ಯಾಡ್ರಿ. ಸುಣ್ಣದ ಸ್ವಭಾವ ನನಗ ಗೊತ್ತು. ನೆನದರ ತಾನ ಬಿಡ್ತೈತಿ. ಅವಸರ ಮಾಡೂದಲ್ಲ."

ಗೋಣಿ ತೋಯಿಸಿ ಕಂಬಕ್ಕೆ ಸುತ್ತಿ ಮರುದಿನ ಬಿಚ್ಚಿದರೆ ಸುಣ್ಣ ಪದರು ಪದರಾಗಿ ಸಡಿಲಾಗಿರುತ್ತಿತ್ತು. ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಂಡು, ಮೊಮ್ಮಗುವಿನ ಕಿವಿ ತೊಳೆಯುವಂತೆ ತೊಳೆಯುತ್ತಿದ್ದಳು. ಸಂಜೆ ನಾನೂ ಕೂರುತ್ತಿದ್ದೆ. ದಸರೆಯ ಹೊತ್ತಿಗೆ ಮೂರು ಕಂಬ ಮುಗಿದವು. ಕೊಳಲು ಊದುವವನು ಬಂದ, ಹಂಸಗಳ ಸಾಲು ಬಂತು, ಕನ್ನಡಿ ಹಿಡಿದು ಹಣೆಯ ಬೊಟ್ಟು ತಿದ್ದಿಕೊಳ್ಳುವ ಹೆಣ್ಣೊಬ್ಬಳು ಬಂದಳು. ಅವಳು ಪೂರ್ತಿ ಕಾಣಿಸಿದ ದಿನ ಆಯಿ ಕಿಲಕಿಲ ನಕ್ಕಳು. "ಎಷ್ಟ ಠೀವಿ ನೋಡ್ರಿ ಈಕೀದು! ನಾ ಹಚ್ಚಿದ ಪೌಡರ ಸಾಕಾಗಿಲ್ಲ."

ಅದೇ ಹೊತ್ತಿಗೆ ಊರಿಗೆ ಹೊಸ ಶಾಲೆಯ ಕೋಣೆ ಮಂಜೂರಾಯಿತು. ಊರ ಪಂಚಾಯ್ತಿಯ ಚೇರಮನ್ನರು ಖುಷಿಯಲ್ಲಿದ್ದರು. ಅವರು ಕೆಟ್ಟವರಲ್ಲ. ಮಕ್ಕಳು ಸೋರುವ ಮಾಳಿಗೆಯ ಕೆಳಗೆ ಕೂರಬಾರದು ಎಂದು ಓಡಾಡಿ ಕೋಣೆ ತಂದವರೇ ಅವರು. ಆದರೆ ತಳಪಾಯಕ್ಕೆ ಗುಡಿಯ ಕಲ್ಲನ್ನೇ ತೆಗೆಯೋಣ ಎಂದಾಗ ನಾನು ಅವರ ಮನೆಗೇ ಹೋದೆ.

"ಅದರಾಗ ಎಂಥಾ ಕೆತ್ತನಿ ಅದಾವ, ನೀವ ಬಂದು ನೋಡ್ರಿ," ಎಂದೆ.

"ಅಲ್ರಿ ಅಕ್ಕೋರ, ನಾಳೆ ತೊಲಿ ಮುರದು ಹುಡುಗುರ ಮ್ಯಾಲ ಬಿದ್ದರ ಆ ಕೆತ್ತನಿ ಬಂದು ಹಿಡೀತಾವೇನ್ರಿ? ತಯಾರ ಕಲ್ಲು ಮುಂದ ಇಟಗೊಂಡು ಕಲ್ಲಿನ ಖಣಿಗೆ ಯಾಕ ಹೋಗೂದು?"

ಬಾಗೇವಾಡಿಗೆ ಹೋಗಿ ಒಂದು ಕಚೇರಿಯಲ್ಲಿ ಅರ್ಜಿ ಕೊಟ್ಟೆ. ತೆಗೆದುಕೊಂಡವರು, "ಇಂಥಾ ಗುಡಿ ನಮ್ಮ ಕಡೆ ಊರಿಗೊಂದು ಅದಾವ ತಂಗಿ," ಎಂದು ಮೆತ್ತಗೆ ಹೇಳಿ ಫೈಲಿನೊಳಗೆ ಸೇರಿಸಿದರು. ಅದಕ್ಕೆ ಜವಾಬು ಬರಲೇ ಇಲ್ಲ. ದೀಪಾವಳಿ ಸೂಟಿ ಬಂತು, ನಾನು ಇಂಡಿಗೆ ಹೋದೆ.

ತಿರುಗಿ ಬಂದಾಗ ದೂರದಿಂದಲೇ ಗುಡಿಯ ಮೋರೆ ಬೋಳಾಗಿ ಕಂಡಿತು. ಮಂಟಪದ ಮುಂದಿದ್ದ ಚಾವಡಿ ಇರಲಿಲ್ಲ. ಅದರ ನಾಲ್ಕು ಕಂಬಗಳು ಹೊಸ ಕೋಣೆಯ ತಳಪಾಯದಲ್ಲಿ ಮಣ್ಣು ಸೇರಿದ್ದವು. ಅವುಗಳ ಸುಣ್ಣ ನಾವು ಇನ್ನೂ ಬಿಡಿಸಿರಲಿಲ್ಲ, ಅವುಗಳೊಳಗೆ ಯಾರಿದ್ದರೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆದರೆ ಮಂಟಪ ಹಾಗೆಯೇ ನಿಂತಿತ್ತು.

ಏನಾಯಿತೆಂದು ಚೇರಮನ್ನರೇ ಹೇಳಿದರು, ಸ್ವಲ್ಪ ನಾಚಿಕೊಂಡು. ಚಾವಡಿ ಇಳಿಸಿ ಮುಗಿದ ದಿನ ಆಯಿ ಮನೆಮನೆಗೆ ಹೋಗಿದ್ದಳಂತೆ. ಬೈಯಲಿಲ್ಲ, ಅಳಲಿಲ್ಲ. "ನಾಳೆ ಒಡೀತಾರಂತ, ಒಮ್ಮೆ ನೋಡಿಕೊಂಡು ಬರೂಣು ಬರ್ರೆವ್ವಾ" ಎಂದಷ್ಟೇ ಕರೆದಳು. ಮರುದಿನ ಹೆಂಗಸರು ಬಂದರು. ಶಾಲೆ ಗಂಡಸರದು, ಸಾಹೇಬರದು ಎಂದು ತಿಳಿದು ಒಳಗೆ ಕಾಲಿಡದವರೇ ಬಹಳ ಮಂದಿ. ಕನ್ನಡಿಯವಳ ಮುಂದೆ ಗುಂಪು ಕೂಡಿತು. ಈಕಿಯ ಮೂಗು ನಮ್ಮ ನಾದಿನಿಯ ಮೂಗಿನ ಹಾಗಿದೆ ಎಂದು ಒಬ್ಬಳು, ಸೀರೆಯ ನಿರಿಗೆ ನೋಡು ಎಂದು ಇನ್ನೊಬ್ಬಳು. ಹಾರೆ ಹಿಡಿದು ಬಂದ ಆಳುಗಳು ಹೊರಗೆ ಕಾದೇ ಕಾದರು.

"ಅವರನ್ನ ಎಬ್ಬಸೂಣಂತ ನಾ ಒಳಗ ಹೋದೆ," ಎಂದರು ಚೇರಮನ್ನರು. "ಹೋದರ ನಮ್ಮವ್ವನ ಕುಂತಾಳ ಅಲ್ಲಿ, ಕಂಬಕ್ಕ ಬೆನ್ನು ಹಚ್ಚಿ! 'ತಮ್ಮಾ, ಖಣಿ ಎಲ್ಲೂ ಓಡಿ ಹೋಗಿಲ್ಲ, ಬಂಡಿ ಕಟ್ಟ' ಅಂದ್ಲು. ಏನ ಮಾಡಲಿ ಅಕ್ಕೋರ? ಕಟ್ಟಿದೆ."

ನಾವಿಬ್ಬರೂ ನಕ್ಕೆವು. ಮುಂದಿನ ಬೇಸಿಗೆಯಲ್ಲಿ ಅದೇ ಬಂಡಿಯಲ್ಲಿ ಅವರು ಸುಣ್ಣ ಮತ್ತು ಮರಳು ತರಿಸಿಕೊಟ್ಟರು. ಸುಣ್ಣಕ್ಕೆ ಬೆಲ್ಲದ ನೀರು ಕೂಡಿಸಿ ಗಾರೆ ಅರೆದು, ಮಾಳಿಗೆಯ ಬಿರುಕು ಮುಚ್ಚುವ ಕೆಲಸ ಆಯಿಯ ಹುಕುಮಿನಂತೆ ನಡೆಯಿತು. ಮಾಳಿಗೆಯ ಮೇಲೆ ನಿಂತು ಚೇರಮನ್ನರಿಗೂ ಬೈಯುತ್ತಿದ್ದಳು: "ಅಲ್ಲಿ ಅಲ್ಲೋ, ಇಲ್ಲಿ ಹಾಕ! ಕಣ್ಣ ಅದಾವೋ ಇಲ್ಲೋ?"

ಶಾಲೆ ಹೊಸ ಕೋಣೆಗೆ ಹೋಯಿತು. ಮಕ್ಕಳ ಬೆನ್ನು ಬೆಳ್ಳಗಾಗುವುದು ನಿಂತಿತು. ಉಳಿದ ಕಂಬಗಳನ್ನು ಆಯಿ ಒಬ್ಬಳೇ ಬಿಡಿಸುತ್ತ ಹೋದಳು. ದಶಕ ಮುಗಿಯುವ ಮುಂಚೆ ನನಗೆ ಸಿಂದಗಿಗೆ ವರ್ಗವಾಯಿತು.

ಹೊರಡುವ ಮುನ್ನಾದಿನ ಹೇಳಿ ಹೋಗೋಣವೆಂದು ಗುಡಿಗೆ ಹೋದೆ. ಮುದ್ದೇಬಿಹಾಳದ ಕಡೆಯಿಂದ ಯಾರದೋ ಮನೆಗೆ ಬಂದ ಬೀಗರು ನಾಲ್ಕು ಮಂದಿ ಮಂಟಪದಲ್ಲಿದ್ದರು. ಆಯಿ ಅವರಿಗೆ ಒಂದೊಂದೇ ಕಂಬ ತೋರಿಸುತ್ತಿದ್ದಳು. ಕೊಳಲಿನವನು ಕನ್ನಡಿಯವಳ ಗಂಡ, ಕೆಲಸಕ್ಕೆ ಹೋಗದೆ ಊದುತ್ತ ಕೂತಿದ್ದಾನೆ, ಅದಕ್ಕೇ ಅವಳು ಅವನ ಕಡೆ ನೋಡುತ್ತಿಲ್ಲ ಎಂದು ಅವಳ ಕಥೆ. ಅದನ್ನು ಅವಳು ಯಾವಾಗ ಕಟ್ಟಿದಳೋ ನನಗೆ ಗೊತ್ತಿಲ್ಲ. ಬೀಗರಲ್ಲಿ ಒಬ್ಬಾಕೆ ನನ್ನ ಕಡೆ ತಿರುಗಿ, "ಖರೇ ಏನ್ರಿ ಅಕ್ಕೋರ?" ಎಂದಳು.

ಆಯಿ ನನ್ನನ್ನೇ ನೋಡುತ್ತಿದ್ದಳು.

"ಹೌದ್ರಿ, ಖರೇನ," ಎಂದೆ. ಆಯಿ ಅವರನ್ನು ಮುಂದಿನ ಕಂಬಕ್ಕೆ ಕರೆದೊಯ್ದಳು.