ನಾನಿಲ್ಲದ ನಿಕಾಹ್ ಫೋಟೊ

ನನ್ನ ನಿಕಾಹ್‌ನ ಫೋಟೊದಲ್ಲಿ ಇಬ್ಬರು ಗಂಡಸರು ಕೈ ಹಿಡಿದು ಕೂತಿದ್ದಾರೆ. ಒಬ್ಬರು ನನ್ನ ತಂದೆ, ಇನ್ನೊಬ್ಬರು ನನ್ನ ಗಂಡ. ನಮ್ಮ ಬ್ಯಾರಿಗಳಲ್ಲಿ ಅದು ಹಾಗೆಯೇ. ಮಸೀದಿಯಲ್ಲಿ ತಂದೆ ವರನ ಕೈ ಹಿಡಿದು ಮಗಳನ್ನು ಒಪ್ಪಿಸುತ್ತಾರೆ, ಮಗಳು ಮನೆಯಲ್ಲಿರುತ್ತಾಳೆ. ಆ ಹೊತ್ತಿಗೆ ನಾನು ಕಾಪುವಿನ ನಮ್ಮ ಮನೆಯ ಒಳಕೋಣೆಯಲ್ಲಿ, ಮೈಮೇಲಿನ ಬಂಗಾರ ಚುಚ್ಚುತ್ತದೆ ಎಂದು ಹೆತ್ತ ಉಮ್ಮನ ಹತ್ತಿರ ಗೊಣಗುತ್ತಿದ್ದೆ. ಹೆಂಗಸರ ಕಡೆ ಕ್ಯಾಮೆರಾ ಬೇಡವೆಂದು ತಂದೆಯ ಅಣ್ಣ ಮೊದಲೇ ಹೇಳಿದ್ದರು. ನಾನೂ ಬೇಡವೆಂದೇ ಅಂದೆ. ಫೋಟೊದಲ್ಲಿ ನನ್ನ ಮುಖ ಯಾವಾಗಲೂ ಯಾರದೋ ಮೇಲೆ ಸಿಟ್ಟಾದ ಹಾಗೆ ಬರುತ್ತದೆ. ಹೆಚ್ಚಾಗಿ ಸಿಟ್ಟು ನಿಜವೇ ಆಗಿರುತ್ತದೆ.

ಗಂಡನ ಮನೆ ಕಾರ್ಕಳ. ಕೆಲಸ ಕೆನಡಾದಲ್ಲಿ, ಲಾರಿಗಳ ರಿಪೇರಿ. ಅಲ್ಲಿ ಕಾಯಂ ಆಗಿ ನೆಲೆಸುವ ಪಿಆರ್‌ಗೆ ಅವಿವಾಹಿತ ಎಂದು ಅರ್ಜಿ ಹಾಕಿ ಕಾಯುತ್ತಿರುವಾಗಲೇ ನಮ್ಮ ಸಂಬಂಧ ಕೂಡಿಬಂತು. ಹದಿನೈದು ದಿನದ ರಜೆಯಲ್ಲಿ ಬಂದರು, ನಿಕಾಹ್ ಆಯಿತು, ವಾಪಸು ಹೋದರು. ಇನ್ನು ಅರ್ಜಿಯಲ್ಲಿ ನನ್ನ ಹೆಸರು ಸೇರಬೇಕಿತ್ತು. ಸೇರಿಸದೆ ಅದು ಮಂಜೂರಾದರೆ ಮುಂದೆ ನನ್ನನ್ನು ಕರೆಸಿಕೊಳ್ಳುವ ದಾರಿಯೇ ಮುಚ್ಚಬಹುದು ಎಂದು ತಿಳಿದವರು ಹೆದರಿಸಿದರು. ಗಂಡ ಸೇರಿಸಿದರು. ಅಲ್ಲಿಂದ ಬಂದ ಉತ್ತರ ಚಿಕ್ಕದು: ಈ ಮದುವೆ ನಿಜವೆಂದು ತೋರಿಸಿ.

ನಾನು ಮಣಿಪಾಲದಲ್ಲಿ ಲ್ಯಾಬ್ ಟೆಕ್ನಿಶಿಯನ್. ಇನ್ನೊಬ್ಬರ ರಕ್ತದಲ್ಲಿ ಏನಿದೆ, ಏನಿಲ್ಲ ಎಂದು ಬರೆದುಕೊಡುವುದು ನನ್ನ ಕೆಲಸ. ಡ್ಯೂಟಿ ಮುಗಿಸಿ ಹತ್ತಿರದ ಒಂದು ವೀಸಾ ಕಚೇರಿಗೆ ಹೋದೆ. ಅಲ್ಲಿದ್ದ ಹುಡುಗಿ ನನ್ನ ಫೋನಿನಲ್ಲಿದ್ದ ನಿಕಾಹ್ ಫೋಟೊವನ್ನು ದೊಡ್ಡದು ಮಾಡಿ ಮೂಲೆ ಮೂಲೆ ನೋಡಿದಳು.

“ಇದರಲ್ಲಿ ನೀವು ಎಲ್ಲಿದ್ದೀರಿ ಮೇಡಂ?”

“ನಾನು ಮನೆಯಲ್ಲಿದ್ದೆ.”

“ನಿಮ್ಮದೇ ಮದುವೆ ಅಲ್ವಾ?”

“ಹೌದು, ನನ್ನದೇ.”

ಒಳ್ಳೆಯ ಹುಡುಗಿ, ನಗಲಿಲ್ಲ. ಇಬ್ಬರೂ ಒಟ್ಟಿಗಿರುವ ಫೋಟೊ ತನ್ನಿ ಎಂದಳು.

ಆ ರಜೆಯಲ್ಲಿ ಅವರು ಅಳಿಯನಾಗಿ ನಮ್ಮ ಮನೆಯಲ್ಲೇ ಉಳಿದಿದ್ದರು. ಸಂಜೆ ನನ್ನ ಸ್ಕೂಟರನ್ನು ಅವರು ಓಡಿಸುತ್ತಿದ್ದರು, ನಾನು ಹಿಂದೆ ಕೂರುತ್ತಿದ್ದೆ. ಲೈಟ್‌ಹೌಸಿನ ಬಂಡೆಯ ಹತ್ತಿರ ನನ್ನನ್ನು ನಿಲ್ಲಿಸಿ ಅವರು ತೆಗೆದ ಫೋಟೊ ಇದೆ. ಅದೇ ಜಾಗದಲ್ಲಿ ಅವರನ್ನು ನಿಲ್ಲಿಸಿ ನಾನು ತೆಗೆದದ್ದೂ ಇದೆ. ಸೆಲ್ಫಿ ತೆಗೆಯಬಾರದಿತ್ತೇ ಎಂದು ಈಗ ಎಲ್ಲರೂ ಬುದ್ಧಿ ಹೇಳುತ್ತಾರೆ. ಸೆಲ್ಫಿಗೆ ತಲೆಗೆ ತಲೆ ತಾಗಿಸಬೇಕು. ಪರಿಚಯವಾಗಿ ವಾರವಾಗದವರು ಊರವರ ಎದುರು ಅದನ್ನು ಮಾಡುವುದು ಹೇಗೆ? ಮನೆಯೊಳಗೆ ಒಂದು ತೆಗೆದಿದ್ದೆವು. ಅದರಲ್ಲಿ ಬಂದದ್ದು ಅವರ ಒಂದು ಕಿವಿ ಮತ್ತು ನನ್ನ ವೇಲ್.

ಆ ದಿನ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಒಂದೊಂದಾಗಿ ನೋಡಿದೆ. ಪ್ರತಿಯೊಂದರಲ್ಲೂ ಒಬ್ಬರೇ. ನನಗೆ ತಡೆಯಲಾಗದಷ್ಟು ಒಂಟಿ ಎನಿಸಿತು. ಮದುವೆಗೆ ಮೊದಲು ಒಬ್ಬಳೇ ಇದ್ದಾಗ ಹೀಗೆ ಅನಿಸಿದ್ದಿಲ್ಲ.

ಒಮ್ಮೆ ಬಂದು ಹೋಗಿ ಎಂದು ಫೋನಿನಲ್ಲಿ ಕೇಳಿದೆ.

“ಕೆಲಸದ ಪರ್ಮಿಟ್ ಮುಗಿಯುತ್ತಾ ಬಂತು. ಈಗ ಹೊರಟು, ವಾಪಸು ಒಳಗೆ ಬಿಡದಿದ್ದರೆ ಎಂತ ಮಾಡುವುದು?” ಎಂದರು. ಮತ್ತೆ, “ನಿನ್ನ ಹೆಸರು ಸೇರಿಸಿದ್ದಕ್ಕೆ ತಡ ಆಗುತ್ತಾ ಉಂಟು, ಅಷ್ಟೇ. ಬೇರೆ ಏನೂ ಇಲ್ಲ” ಎಂದರು.

ದೂರುವ ದನಿಯಲ್ಲಿ ಹೇಳಿದ್ದಲ್ಲ. ಆದರೂ ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಅವರ ಬದುಕಿನಲ್ಲಿ ನಾನೇ ಒಂದು ತಡ ಎಂದುಕೊಂಡು ಎಷ್ಟೋ ದಿನ ಬಸ್ಸು ಹತ್ತಿ ಇಳಿದೆ.

ವೀಸಾ ಕಚೇರಿಯ ಹುಡುಗಿ ಬೇರೆ ದಾರಿ ಹೇಳಿದಳು. ಗಂಡನ ಬಗ್ಗೆ ನನಗೆ ಗೊತ್ತಿರುವುದನ್ನು ನಾನು ಬರೆಯಬೇಕು, ನಮ್ಮನ್ನು ಒಟ್ಟಿಗೆ ಕಂಡವರಿಂದಲೂ ಬರೆಸಿ ತರಬೇಕು. ನಾನು ಒಂದು ಪುಟ ತುಂಬಿಸಲು ಒದ್ದಾಡಿದೆ. ಚಾಕ್ಕೆ ಸಕ್ಕರೆ ಜಾಸ್ತಿ ಬೇಕು ಎಂಬುದನ್ನೂ ಬಿಡದೆ ಬರೆದೆ. ಕಂಡವರು ಎಂದರೆ ಪಕ್ಕದ ಮನೆಯ ತುಳು ಮಾತಾಡುವ ಅಕ್ಕ. ಅವರ ಜಗಲಿಯಿಂದ ನಮ್ಮ ಗೇಟು ಚೆನ್ನಾಗಿ ಕಾಣುತ್ತದೆ, ಅವರೂ ಕಣ್ಣು ಮುಚ್ಚಿ ಕೂರುವವರಲ್ಲ.

“ನೀವು ಒಟ್ಟಿಗೆ ಹೋಗುವುದು ನಾನು ದಿನಾ ನೋಡಿದ್ದೇನಲ್ಲ ಮಾರಾಯ್ತಿ,” ಎಂದು ಪೆನ್ನು ಹಿಡಿದರು. “ನಿನ್ನ ವೇಲ್ ಚಕ್ರಕ್ಕೆ ಸಿಕ್ಕದ ಹಾಗೆ ನಿನ್ನ ಗಂಡ ಮೊದಲು ಅದನ್ನು ಎತ್ತಿ ಸರಿ ಮಾಡ್ತಾರೆ, ಮತ್ತೆಯೇ ಸ್ಕೂಟರ್ ಸ್ಟಾರ್ಟ್ ಮಾಡುವುದು. ಅದನ್ನೂ ಬರೆಯುವುದಾ?”

ಬರೆಯಿರಿ ಎಂದೆ. ನನಗೆ ಅದು ನೆನಪೇ ಇರಲಿಲ್ಲ. ಮನೆಗೆ ಬಂದು ಎಷ್ಟು ನೆನಪಿಸಿಕೊಂಡರೂ ಆ ಕೈ ನೆನಪಿಗೆ ಬರಲಿಲ್ಲ. ನನಗೆ ಆದದ್ದನ್ನು ಪಕ್ಕದ ಮನೆಯವರು ಕಂಡಿದ್ದರು. ಅಂದಿನಿಂದ ಅದನ್ನು ಇನ್ನೊಮ್ಮೆ, ಈ ಸಲ ಗೊತ್ತಿದ್ದು, ನೋಡಬೇಕು ಎಂಬ ಆಸೆಯೊಂದು ಹಿಡಿಯಿತು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೂ ಅಲ್ಲ.

ಮಳೆಗಾಲ ಬಂತು, ಹೋಯಿತು. ಕೊನೆಗೂ ಒಪ್ಪಿಗೆ ಬಂತು, ಕರೆದುಕೊಂಡು ಹೋಗಲು ಅವರೂ ಬಂದರು. ಸಕ್ಕರೆ ಸುರಿದು ಚಾ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಸಕ್ಕರೆ ಬಿಟ್ಟು ತುಂಬಾ ಸಮಯ ಆಯಿತಂತೆ. ಅಷ್ಟು ಕಾಲ ಫೋನಿನಲ್ಲಿ ಮಾತಾಡಿದ್ದೆವು, ಈ ಮಾತು ಮಾತ್ರ ಬಂದಿರಲಿಲ್ಲ.

ಸಂಜೆ ಇಬ್ಬರೂ ಲೈಟ್‌ಹೌಸಿಗೆ ಹೋಗುವುದೆಂದಾಯಿತು. ಹೊರಡುವಾಗ ಉಮ್ಮ, ಹತ್ತಿರವೇ ಅಲ್ಲವಾ, ನಡೆದೇ ಹೋಗಿ ಎಂದರು. ಬೇಡ, ಸ್ಕೂಟರಿನಲ್ಲೇ ಹೋಗುವ ಎಂದು ನಾನೇ ಹಟ ಹಿಡಿದೆ. ಪಕ್ಕದ ಮನೆಯ ಅಕ್ಕ ಜಗಲಿಯಲ್ಲೇ ಇದ್ದರು. ನಾನು ಹಿಂದೆ ಕೂತು ಅವರ ಕೈಯನ್ನೇ ನೋಡುತ್ತಿದ್ದೆ.

ಅವರು ಕೀ ತಿರುಗಿಸುವ ಮೊದಲು ನಿಂತರು. ಹಿಂದೆ ತಿರುಗಿ ಚಕ್ರದ ಕಡೆಗೆ ಬಗ್ಗಿ, ನನ್ನ ವೇಲಿಗಾಗಿ ಕೈ ಚಾಚಿದರು. ಅದು ಅಲ್ಲಿರಲಿಲ್ಲ. ಸ್ಕೂಟರ್ ಹತ್ತುವ ಮೊದಲೇ ನಾನು ಅದನ್ನು ಸೊಂಟಕ್ಕೆ ಸುತ್ತಿ ಬಿಗಿಯಾಗಿ ಗಂಟು ಹಾಕಿಕೊಂಡಿದ್ದೆ. ಒಬ್ಬಳೇ ಓಡಾಡಿ ಅಭ್ಯಾಸವಾಗಿತ್ತು.